ಬೀಸುಕಲ್ಲಿನ ಹಾಡಿನಿಂದ ಅಚ್ಚಿನ ಪುಸ್ತಕಕ್ಕೆ



‘ಸ್ತ್ರೀವಾದಿ ಸಾಹಿತ್ಯ’ ಎಂಬ ಮಾತು ಕಿವಿಗೆ ಬಿದ್ದೊಡನೆ, ಅದು ದೊಡ್ಡ ಊರುಗಳ ವಿಚಾರ ಸಂಕಿರಣಗಳಿಗೆ ಸೇರಿದ ವಿಷಯ ಎಂದು ಹಲವರು ತಿಳಿಯುತ್ತಾರೆ. ಇನ್ನು ಕೆಲವರಿಗೆ ಅದು ಪರದೇಶದಿಂದ ಬಂದ ಸರಕು. ಗೋಕಾಕದ ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುವ ಹುಡುಗಿಗಾಗಲಿ, ಮೂಡಲಗಿ ಅಥವಾ ಹುಕ್ಕೇರಿಯ ಹೈಸ್ಕೂಲಿನ ಹುಡುಗನಿಗಾಗಲಿ ಅದರಿಂದ ಆಗಬೇಕಾದ್ದೇನು ಎಂಬ ಪ್ರಶ್ನೆಯೂ ಸಹಜ. ಈ ಪ್ರಶ್ನೆಗೆ ಇತಿಹಾಸದ ದಾರಿಯಿಂದ ಉತ್ತರ ಹುಡುಕುವುದು ಈ ಲೇಖನದ ಉದ್ದೇಶ.

ಮೊದಲು ಪದದ ಅರ್ಥ. ಹೆಣ್ಣೂ ಗಂಡಿನಷ್ಟೇ ಪೂರ್ಣ ಮನುಷ್ಯಳು ಎಂಬ ತಿಳಿವಿನಿಂದ ಬದುಕನ್ನು ನೋಡಿ, ಅದಕ್ಕೆ ಅಡ್ಡ ಬರುವ ರೂಢಿ, ಕಾನೂನು, ಅಧಿಕಾರಗಳನ್ನು ಪ್ರಶ್ನಿಸುವ ಬರಹವನ್ನು ಸ್ತ್ರೀವಾದಿ ಎನ್ನಬಹುದು. ಅದು ಕಾದಂಬರಿಯಾಗಬಹುದು, ವೈದ್ಯಕೀಯ ಪುಸ್ತಕವಾಗಬಹುದು, ಆತ್ಮಕಥೆಯಾಗಬಹುದು, ವಿಜ್ಞಾನ ಕಥೆಯೂ ಆಗಬಹುದು.

ಪ್ರಯೋಗಾಲಯದಲ್ಲಿ ಒಂದು ಅಳತೆಯನ್ನು ಒಪ್ಪುವ ಮುನ್ನ ನಾವು ಮೂರು ಪ್ರಶ್ನೆ ಕೇಳುತ್ತೇವೆ. ಅಳೆದವರು ಯಾರು? ಎಲ್ಲಿ ನಿಂತು ಅಳೆದರು? ಲೆಕ್ಕಕ್ಕೆ ಬಾರದೆ ಉಳಿದದ್ದೇನು? ಹೆಣ್ಣಿನ ಕಥೆ ಓದುವಾಗಲೂ ಇವೇ ಪ್ರಶ್ನೆಗಳನ್ನು ಕೇಳಿದರೆ ಸಾಕು. ಯಾವ ಕಠಿಣ ಸಿದ್ಧಾಂತದ ನೆರವೂ ಆರಂಭದಲ್ಲಿ ಬೇಡ. ಈ ಪ್ರಶ್ನೆಗಳನ್ನು ಹಿಡಿದು ನಮ್ಮ ಘಟಪ್ರಭೆಯ ಸೀಮೆಯಿಂದಲೇ ಹೊರಡೋಣ.

ಹಾಡು ಉಳಿಯಿತು, ಹೆಸರು ಉಳಿಯಲಿಲ್ಲ

ಹಿಟ್ಟಿನ ಗಿರಣಿ ಬರುವ ಮೊದಲು ಉತ್ತರ ಕರ್ನಾಟಕದ ಮನೆಮನೆಯಲ್ಲಿ ನಸುಕಿನಲ್ಲೇ ಬೀಸುಕಲ್ಲಿನ ಸದ್ದು ಕೇಳುತ್ತಿತ್ತು. ಕಲ್ಲಿನ ಜೊತೆಗೆ ಹಾಡು. ತವರಿನ ನೆನಪು, ಅಣ್ಣ ಬರುವ ದಾರಿ, ಅತ್ತೆಮನೆಯ ಬಿಗಿ, ಮಕ್ಕಳಿಲ್ಲದವಳ ಸಂಕಟ, ತೊಟ್ಟಿಲ ಸಂಭ್ರಮ, ಎಲ್ಲವೂ ಮೂರು ಸಾಲಿನ ತ್ರಿಪದಿಗಳಲ್ಲಿ ಅಡಗಿರುತ್ತಿದ್ದವು. ಎದುರಿಗೆ ಆಡಲಾಗದ ಮಾತನ್ನು ಹೆಣ್ಣು ಕಲ್ಲಿನ ಮುಂದೆ ಆಡಿದಳು. ಕೆಲಸ ಮಾಡುತ್ತಲೇ ಹಾಡುವವಳನ್ನು ಯಾರೂ ತಡೆಯುತ್ತಿರಲಿಲ್ಲ.

ಈ ಹಾಡುಗಳು ಪುಸ್ತಕವಾದದ್ದು 1931ರಲ್ಲಿ. ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದರು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಈ ಗೆಳೆಯರ ಉಪಕಾರ ದೊಡ್ಡದು. ಅವರಿಲ್ಲದಿದ್ದರೆ ಆ ಹಾಡುಗಳಲ್ಲಿ ಎಷ್ಟೋ ಗಾಳಿಯಲ್ಲಿ ಕರಗಿಹೋಗುತ್ತಿದ್ದವು. ಹಳೆಯ ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಬೆಟಗೇರಿ ಕೃಷ್ಣಶರ್ಮ, ನಮ್ಮ ‘ಆನಂದಕಂದ’ರು, ಇದೇ ಜನಪದದ ಧಾಟಿಯನ್ನು ತಮ್ಮ ಕವಿತೆಗಳಿಗೆ ತಂದುಕೊಂಡರು.

ಈಗ ನಮ್ಮ ಮೊದಲ ಪ್ರಶ್ನೆ ಕೇಳೋಣ. ಹಾಡು ಕಟ್ಟಿದವರು ಯಾರು? ಸಂಗ್ರಹಿಸಿದವರ ಹೆಸರು ನಮಗೆ ಗೊತ್ತು, ಕಟ್ಟಿದ ಹೆಂಗಸರ ಹೆಸರು ಗೊತ್ತಿಲ್ಲ. ಇದಕ್ಕೆ ಯಾರೊಬ್ಬರನ್ನೂ ದೂರಬೇಕಾಗಿಲ್ಲ. ಅಕ್ಷರ ಯಾರ ಕೈಯಲ್ಲಿತ್ತೋ ಅವರ ಹೆಸರು ಉಳಿಯಿತು. ನಮ್ಮ ಸೀಮೆಯ ಹೆಣ್ಣಿನ ಸಾಹಿತ್ಯ ಚರಿತ್ರೆ ಈ ಅನಾಮಿಕತೆಯಿಂದ ಆರಂಭವಾಗುತ್ತದೆ.

ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿದ್ದು ‘ಹದಿಬದೆಯ ಧರ್ಮ’ ಬರೆದ ಸಂಚಿಯ ಹೊನ್ನಮ್ಮ, ಇವರ ಹೆಸರುಗಳು ಉಳಿದಿವೆಯಲ್ಲ ಎಂದು ನೀವು ಕೇಳಬಹುದು. ನಿಜ. ಒಬ್ಬಳ ಮಾತನ್ನು ಶರಣರ ಪರಂಪರೆ ಕಾಪಾಡಿತು, ಇನ್ನೊಬ್ಬಳ ಮಾತನ್ನು ಅರಮನೆ ಕಾಪಾಡಿತು. ಕಾಪಾಡುವ ವ್ಯವಸ್ಥೆ ಇಲ್ಲದ ಕಡೆ ಎಷ್ಟು ಜನ ಹೊನ್ನಮ್ಮರು ಇದ್ದಿರಬಹುದು ಎಂಬುದನ್ನು ಊಹಿಸಿ ನೋಡಿ.

ಆಟದ ಬಯಲಿನಲ್ಲಿ ಸತ್ಯಭಾಮೆ

ಶ್ರೀಕೃಷ್ಣ ಪಾರಿಜಾತ ನಮ್ಮ ಸೀಮೆಯ ಹೆಮ್ಮೆಯ ಬಯಲಾಟ. ಅಪರಾಳ ತಮ್ಮಣ್ಣನ ಕೃತಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಆಟದ ರೂಪ ಕೊಟ್ಟು ಜನಪ್ರಿಯಗೊಳಿಸಿದವನು ಕುಲಗೋಡ ತಮ್ಮಣ್ಣ. ಆಗ ಗೋಕಾಕ ತಾಲೂಕಿಗೆ ಸೇರಿದ್ದ ಕುಲಗೋಡ ಇಂದು ಮೂಡಲಗಿ ತಾಲೂಕಿನಲ್ಲಿದೆ. ಕಥೆ ಎಲ್ಲರಿಗೂ ಗೊತ್ತಿರುವಂಥದು. ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ತಿಳಿದ ಸತ್ಯಭಾಮೆ ಸಿಟ್ಟಾಗುತ್ತಾಳೆ. ರಾತ್ರಿಯಿಡೀ ನಡೆಯುವ ಆಟದ ಜೀವ ಈ ಸಿಟ್ಟಿನಲ್ಲಿದೆ.

ಸತ್ಯಭಾಮೆಯನ್ನು ಕೇವಲ ಸವತಿಮತ್ಸರದ ಹೆಣ್ಣೆಂದು ನೋಡಿ ನಗುವುದು ಸುಲಭ. ಆದರೆ ಆಟ ನೋಡುತ್ತ ಕುಳಿತ ಹೆಂಗಸರಿಗೆ ಅವಳ ಮಾತು ಹೇಗೆ ಕೇಳಿಸಿರಬೇಕು? ನೂರಾರು ಜನರ ಮುಂದೆ ಗಂಡನನ್ನು, ಅದೂ ಸಾಕ್ಷಾತ್ ದೇವರನ್ನು, ನಿಲ್ಲಿಸಿ ‘ನನಗೇಕೆ ಹೀಗೆ ಮಾಡಿದೆ’ ಎಂದು ಕೇಳುವ ಹೆಣ್ಣು ಅವಳು. ಮನೆಯಲ್ಲಿ ಸಲ್ಲದ ಮಾತು ಆಟದ ಬಯಲಿನಲ್ಲಿ ಸಲ್ಲುತ್ತಿತ್ತು.

ಈ ಆಟದಲ್ಲಿ ಹೆಸರು ಮಾಡಿದ ಹೆಣ್ಣುಮಕ್ಕಳಲ್ಲಿ ಕೌಜಲಗಿಯ ನಿಂಗಮ್ಮನನ್ನು ಜನ ಇಂದಿಗೂ ನೆನೆಯುತ್ತಾರೆ. ಕುಲೀನರೆನಿಸಿಕೊಂಡವರು ತಮ್ಮ ಮನೆಯ ಹೆಣ್ಣುಮಕ್ಕಳನ್ನು ರಂಗದ ಹತ್ತಿರಕ್ಕೂ ಬಿಡದಿದ್ದ ಕಾಲದಲ್ಲಿ ಆಕೆ ಹಾಡಿ, ಕುಣಿದು, ಮಾತಾಡಿ ಜನರನ್ನು ಗೆದ್ದಳು. ಆಕೆಯ ವಿಷಯವನ್ನು ನಾವು ಇತರರ ಬರಹಗಳಿಂದ, ಹಿರಿಯರ ಮಾತಿನಿಂದ ತಿಳಿಯಬೇಕಾಗಿದೆ. ಗೆಜ್ಜೆ ಕಟ್ಟಿದ ರಾತ್ರಿಗಳ ಬಗ್ಗೆ, ಚಪ್ಪಾಳೆ ತಟ್ಟಿದವರೇ ಮರುದಿನ ನೋಡಿದ ನೋಟದ ಬಗ್ಗೆ ಅಂಥ ಕಲಾವಿದೆಯರು ತಾವೇ ಬರೆದಿದ್ದರೆ, ಅದು ಕನ್ನಡದ ಒಂದು ದೊಡ್ಡ ಆತ್ಮಕಥೆಯಾಗುತ್ತಿತ್ತು. ಲೆಕ್ಕಕ್ಕೆ ಬಾರದೆ ಉಳಿದದ್ದು ಇದು.

ನಡುವೆ ಹೆಣ್ಣು, ಲೇಖನಿ ಗಂಡಿನದು

ಇಪ್ಪತ್ತನೆಯ ಶತಮಾನದಲ್ಲಿ ಈ ಸೀಮೆ ಕನ್ನಡಕ್ಕೆ ದೊಡ್ಡ ಲೇಖಕರನ್ನು ಕೊಟ್ಟಿತು. ಗೋಕಾಕದಲ್ಲಿ ಶಿಕ್ಷಕರಾಗಿದ್ದ ಕೃಷ್ಣಮೂರ್ತಿ ಪುರಾಣಿಕರ ಕೌಟುಂಬಿಕ ಕಾದಂಬರಿಗಳನ್ನು ಮನೆಮನೆಯ ಹೆಂಗಸರು ಓದಿದರು. ಅವರ ‘ಧರ್ಮದೇವತೆ’ 1962ರಲ್ಲಿ ‘ಕರುಣೆಯೇ ಕುಟುಂಬದ ಕಣ್ಣು’ ಎಂಬ ಚಲನಚಿತ್ರವಾಯಿತು. ಇಲ್ಲಿ ಹೆಣ್ಣೇ ಕಥೆಯ ಕೇಂದ್ರ. ಆದರೆ ಅವಳ ದೊಡ್ಡತನವೆಲ್ಲ ತಾಳ್ಮೆಯಲ್ಲಿ, ತ್ಯಾಗದಲ್ಲಿ. ಮನೆ ಒಡೆಯದಂತೆ ಕಾಯುವ ಹೊರೆ ಅವಳ ತಲೆಯ ಮೇಲೆ. ಆ ಹೊರೆ ಅವಳೊಬ್ಬಳ ಮೇಲೇ ಏಕೆ ಎಂಬ ಪ್ರಶ್ನೆಯನ್ನು ಮುಂದಿನ ಪೀಳಿಗೆ ಕೇಳಬೇಕಾಯಿತು.

ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಬೇರೆ ದಾರಿ ಹಿಡಿದರು. 1972ರ ‘ಜೋಕುಮಾರಸ್ವಾಮಿ’ ನಾಟಕದ ಗೌಡತಿ ಮಕ್ಕಳಿಲ್ಲದ ಹೆಣ್ಣು. ದೋಷ ಗಂಡನದು; ಬಂಜೆ ಎಂಬ ಹೆಸರು ಅವಳಿಗೆ. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಹೊತ್ತು ತರುವ ಜೋಕುಮಾರನ ಆಚರಣೆಯನ್ನು ಹಿಡಿದು, ಹೆಣ್ಣಿನ ಬಯಕೆಯನ್ನೂ ಉಳುವವನ ಹಕ್ಕನ್ನೂ ಕಂಬಾರರು ಒಟ್ಟಿಗೆ ರಂಗಕ್ಕೆ ತಂದರು. ‘ಸಿಂಗಾರೆವ್ವ ಮತ್ತು ಅರಮನೆ’ ಕಾದಂಬರಿಯಲ್ಲಿ ಅರಮನೆಯ ಗೋಡೆಗಳ ನಡುವೆ ಬೇಯುವ ಹೆಣ್ಣೊಬ್ಬಳ ಬದುಕಿದೆ. ಆದರೆ ಆ ಬದುಕು ನಮಗೆ ತಲುಪುವುದು ಅವಳನ್ನು ಹತ್ತಿರದಿಂದ ಬಲ್ಲ ಇನ್ನೊಬ್ಬರ ಬಾಯಿಂದ. ಎಲ್ಲಿ ನಿಂತು ಅಳೆದರು ಎಂಬ ಎರಡನೆಯ ಪ್ರಶ್ನೆ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಹಾಗಾದರೆ ಗಂಡಸರು ಹೆಣ್ಣಿನ ಬಗ್ಗೆ ಬರೆಯಬಾರದೆ? ಖಂಡಿತ ಬರೆಯಬೇಕು. 1968ರಲ್ಲಿ ಬಂದ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಒಬ್ಬ ಬಾಲವಿಧವೆಯ ಬಾಯಿಂದ ಧರ್ಮ, ಕಾಮ, ಇತಿಹಾಸಗಳನ್ನೇ ಪ್ರಶ್ನಿಸಿತು. ಇಂಥ ಕೃತಿಗಳನ್ನು ಬಿಟ್ಟು ಕನ್ನಡವನ್ನು ಓದಲಾಗದು. ಒಂದೇ ಬದಿಯ ಅಳತೆಯಿಂದ ಚಿತ್ರ ಪೂರ್ಣವಾಗುವುದಿಲ್ಲ, ಅಷ್ಟೆ.

ಲೇಖನಿ ಅವಳ ಕೈಗೆ

ಹೆಣ್ಣಿನ ಕೈಗೆ ಲೇಖನಿ ಬರಲು ಮೊದಲು ಶಾಲೆ ಬೇಕಿತ್ತು. ನಮ್ಮ ಗಡಿಯಾಚೆಯ ಮರಾಠಿ ನಾಡಿನಲ್ಲಿ ಜೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ಫುಲೆ 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. 1882ರಲ್ಲಿ ತಾರಾಬಾಯಿ ಶಿಂದೆ ‘ಸ್ತ್ರೀ ಪುರುಷ ತುಲನಾ’ ಎಂಬ ಸಣ್ಣ ಪುಸ್ತಕದಲ್ಲಿ, ಹೆಣ್ಣಿಗೆ ಹೊರಿಸುವ ದೋಷಗಳು ಗಂಡಿನಲ್ಲಿ ಇಲ್ಲವೆ ಎಂದು ನೇರವಾಗಿ ಕೇಳಿದರು. ಪಂಡಿತಾ ರಮಾಬಾಯಿ ಹುಟ್ಟಿದ್ದು ಕರ್ನಾಟಕದ ಪಶ್ಚಿಮ ಘಟ್ಟದ ಸೀಮೆಯಲ್ಲಿ, 1858ರಲ್ಲಿ. ಆ ಕಾಲದಲ್ಲಿ ಬೆಳಗಾವಿ ಜಿಲ್ಲೆಯೂ ಮುಂಬಯಿ ಪ್ರಾಂತಕ್ಕೇ ಸೇರಿತ್ತು ಎಂಬುದನ್ನು ಮರೆಯಬಾರದು.

ಮೈಸೂರು ಸೀಮೆಯಲ್ಲಿ ನಂಜನಗೂಡು ತಿರುಮಲಾಂಬಾ (1887–1982) ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು. ಮನೆಯಲ್ಲೇ ಓದು ಕಲಿತು, ಕಾದಂಬರಿ, ನಾಟಕಗಳನ್ನು ಬರೆದು, ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನೂ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ನಡೆಸಿದರು. ಬರೆಯುವುದರ ಜೊತೆಗೆ ಪ್ರಕಾಶನವನ್ನೂ ತನ್ನ ಕೈಯಲ್ಲೇ ಇಟ್ಟುಕೊಂಡ ಹೆಣ್ಣು ಎಂಬುದು ಇಲ್ಲಿ ಮುಖ್ಯ. ಯಾವುದು ಅಚ್ಚಾಗಬೇಕು ಎಂದು ತೀರ್ಮಾನಿಸುವ ಅಧಿಕಾರ ಸಣ್ಣದಲ್ಲ.

ನಮ್ಮ ಕಡೆಯಲ್ಲಿ ಬೆಳಗಾವಿಯ ಮೂಲದ ಶಾಂತಾದೇವಿ ಮಾಳವಾಡ, ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ ಬರೆದರು. ಜಯದೇವಿತಾಯಿ 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು; ಆ ಪೀಠಕ್ಕೆ ಬಂದ ಮೊದಲ ಮಹಿಳೆ ಅವರೇ. ಸಮ್ಮೇಳನಗಳು ಆರಂಭವಾದದ್ದು 1915ರಲ್ಲಿ. ಸುಮಾರು 60 ವರ್ಷ ಕಾಯಬೇಕಾಯಿತು.

ಪ್ರಕಾರಕ್ಕೊಂದು ಪುಸ್ತಕ

ಈಗ ಓದಿಗೆ ಬರೋಣ. ಎಲ್ಲವನ್ನೂ ಒಮ್ಮೆಗೇ ಓದಲಾಗದು. ನಿಮ್ಮ ಕಾಲೇಜಿನ ಅಥವಾ ಊರಿನ ಗ್ರಂಥಾಲಯದಲ್ಲಿ ಕೇಳಿ ಪಡೆಯಬಹುದಾದ ಕೆಲವನ್ನು ಪ್ರಕಾರದ ಪ್ರಕಾರ ಹೇಳುತ್ತೇನೆ.

ಕಾದಂಬರಿಯಲ್ಲಿ ಮೊದಲು ತ್ರಿವೇಣಿಯವರ ‘ಶರಪಂಜರ’. ಮನಸ್ಸಿನ ಕಾಯಿಲೆಯಿಂದ ಗುಣವಾಗಿ ಮನೆಗೆ ಮರಳಿದ ಕಾವೇರಿಯನ್ನು ಸುತ್ತಲಿನವರು ಕಾಯಿಲೆಯವಳೆಂದೇ ನೋಡುತ್ತಾರೆ. ಆಸ್ಪತ್ರೆ ಗುಣಪಡಿಸಿದ್ದನ್ನು ಮನೆ ಕೆಡಿಸುತ್ತದೆ. ಮನಃಶಾಸ್ತ್ರ ಓದಿದ್ದ ತ್ರಿವೇಣಿ 1963ರಲ್ಲಿ, 34ನೆಯ ವಯಸ್ಸಿಗೇ ತೀರಿಕೊಂಡರು. 1971ರಲ್ಲಿ ಪುಟ್ಟಣ್ಣ ಕಣಗಾಲ್ ಈ ಕೃತಿಯನ್ನು ಚಿತ್ರ ಮಾಡಿದರು; ಸಿನಿಮಾ ನೋಡಿದವರೂ ಪುಸ್ತಕ ಓದಬೇಕು.

ಎರಡನೆಯದು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976). ಬಾಲ್ಯದಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ದೊಡ್ಡ ಮನೆಯ ಮೂಲೆಯಲ್ಲಿ ಮುದುಕಿಯಾದ ಹೆಣ್ಣಿನ ಕಥೆ. ಲೇಖಕಿಯ ಮನೆತನದಲ್ಲಿ ನಿಜವಾಗಿ ಬಾಳಿದವಳ ಜೀವನ ಇದಕ್ಕೆ ಆಧಾರ. ಫಣಿಯಮ್ಮ ಯಾರನ್ನೂ ಬೈಯುವುದಿಲ್ಲ. ಆದರೆ ತನಗಾದದ್ದು ಇನ್ನೊಬ್ಬ ಎಳೆಯ ಹುಡುಗಿಗೆ ಆಗಬಾರದೆಂಬ ಗಳಿಗೆ ಬಂದಾಗ ಅವಳು ರೂಢಿಯ ಪರ ನಿಲ್ಲುವುದಿಲ್ಲ. 1983ರಲ್ಲಿ ಪ್ರೇಮಾ ಕಾರಂತ ಇದನ್ನು ಚಲನಚಿತ್ರವಾಗಿಸಿದರು.

ಮೂರನೆಯದು ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ತಂದೆಯ ಹಟಕ್ಕೆ, ತಲಾಖಿನ ನಿಯಮಕ್ಕೆ ಸಿಕ್ಕಿದ ನಾದಿರಾಳ ಕಥೆ. ಅವಳ ಬದುಕಿನ ಪ್ರತಿ ತೀರ್ಮಾನವನ್ನೂ ಬೇರೆಯವರೇ ಕೈಗೊಳ್ಳುತ್ತಾರೆ. ಕಲಬುರ್ಗಿಯ ಗೀತಾ ನಾಗಭೂಷಣರ ‘ಬದುಕು’ ದುಡಿಯುವ ಕೆಳಜಾತಿಯ ಹೆಣ್ಣುಮಕ್ಕಳ ಲೋಕ. ಅದರ ಭಾಷೆಯೂ ಆ ಜನರದೇ. 2004ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದ ಲೇಖಕಿಯೊಬ್ಬರಿಗೆ ಈ ಪ್ರಶಸ್ತಿ ಸಂದದ್ದು ಅದೇ ಮೊದಲು.

ಸಣ್ಣಕಥೆಗಳಲ್ಲಿ ಧಾರವಾಡದ ವೀಣಾ ಶಾಂತೇಶ್ವರ ಅವರ ‘ಮುಳ್ಳುಗಳು’, ‘ಕವಲು’, ‘ಹಸಿವು’ ಸಂಗ್ರಹಗಳನ್ನು ಹುಡುಕಿ. ಓದಿ, ನೌಕರಿ ಹಿಡಿದು, ತನ್ನ ಸಂಬಳ ತಾನು ತರುವ ಹೆಣ್ಣಿಗೂ ಬಿಡುಗಡೆ ಏಕೆ ದೂರ ಎಂಬುದು ಅವರ ಪ್ರಶ್ನೆ. ಇಂದು ಕಾಲೇಜಿನಲ್ಲಿರುವ ಹುಡುಗಿಯರಿಗೆ ಇದು ತೀರ ಹತ್ತಿರದ್ದು. ಕುಂದಾಪುರದ ಕಡೆಯ ವೈದೇಹಿಯವರ ‘ಅಕ್ಕು’ ಕಥೆಯಲ್ಲಿ ಮನೆಯವರು ಹುಚ್ಚಿ ಎಂದು ಬದಿಗಿಟ್ಟವಳೇ ಮನೆಯ ಸತ್ಯಗಳನ್ನು ಬಾಯಿಬಿಟ್ಟು ಹೇಳುತ್ತಾಳೆ. ಹಾಸನದ ಬಾನು ಮುಷ್ತಾಕ್ ವಕೀಲೆಯಾಗಿ, ಬಂಡಾಯ ಚಳವಳಿಯ ಲೇಖಕಿಯಾಗಿ ಕಂಡ ಮುಸ್ಲಿಂ ಹೆಣ್ಣುಮಕ್ಕಳ ಬದುಕನ್ನು ಬರೆದರು. ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ ಅವರ 12 ಕಥೆಗಳ ‘ಹಾರ್ಟ್ ಲ್ಯಾಂಪ್’ ಸಂಗ್ರಹಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ದೊರೆಯಿತು. ಕನ್ನಡಕ್ಕೆ ಈ ಪ್ರಶಸ್ತಿಯನ್ನು ತಂದದ್ದು ಹೆಣ್ಣೊಬ್ಬಳ ಸಣ್ಣಕಥೆ ಎಂಬುದು ಗಮನಾರ್ಹ.

ಪುರಾಣದ ಮರುಹೇಳಿಕೆಯಲ್ಲಿ ಅನುಪಮಾ ನಿರಂಜನರ ‘ಮಾಧವಿ’. ಮಹಾಭಾರತದಲ್ಲಿ ಯಯಾತಿ ತನ್ನ ಮಗಳು ಮಾಧವಿಯನ್ನು ಗಾಲವನಿಗೆ ದಾನ ಕೊಡುತ್ತಾನೆ. ಗುರುದಕ್ಷಿಣೆಗೆ ಬೇಕಾದ 800 ಕುದುರೆಗಳಿಗಾಗಿ ಗಾಲವ ಅವಳನ್ನು ಒಬ್ಬೊಬ್ಬ ರಾಜನಿಗೆ ಒಪ್ಪಿಸುತ್ತ ಹೋಗುತ್ತಾನೆ. ಕಥೆಯಲ್ಲಿ ಎಲ್ಲರ ಪುಣ್ಯದ ಲೆಕ್ಕ ಇದೆ, ಮಾಧವಿಯ ಮನಸ್ಸಿನ ಲೆಕ್ಕ ಇಲ್ಲ. ಆ ಲೆಕ್ಕವನ್ನು ಲೇಖಕಿ ಬರೆದಿದ್ದಾರೆ.

ಇದೇ ಅನುಪಮಾ ನಿರಂಜನ (1934–1991) ವೃತ್ತಿಯಿಂದ ವೈದ್ಯೆ. ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’, ‘ಕೇಳು ಕಿಶೋರಿ’ ಅವರ ವೈದ್ಯಕೀಯ ಪುಸ್ತಕಗಳು. ಮುಟ್ಟು, ಬಸಿರು, ಹೆರಿಗೆಗಳನ್ನು ಪಿಸುಮಾತಿನಲ್ಲಷ್ಟೇ ಆಡುತ್ತಿದ್ದ ಕಾಲದಲ್ಲಿ ಅವನ್ನು ಸರಳ ಕನ್ನಡದಲ್ಲಿ ಅಚ್ಚು ಮಾಡಿದ್ದು ಸಾಹಸ. ತನ್ನ ದೇಹದ ಬಗ್ಗೆ ತಿಳಿಯದವಳು ಅದರ ಬಗ್ಗೆ ತೀರ್ಮಾನ ಕೈಗೊಳ್ಳಲಾರಳು. ವಿಜ್ಞಾನದ ವಿದ್ಯಾರ್ಥಿಗಳು ಈ ಪುಸ್ತಕಗಳನ್ನು ಸಾಹಿತ್ಯದಷ್ಟೇ ಗೌರವದಿಂದ ನೋಡಬೇಕು.

ಆತ್ಮಕಥೆಯಲ್ಲಿ ಪತ್ರಕರ್ತೆ ವಿಜಯಾ ಅವರ ‘ಕುದಿ ಎಸರು’. ಬಾಲ್ಯದಿಂದ ದಾಂಪತ್ಯದವರೆಗೆ ಸಹಿಸಿದ ಹಿಂಸೆಯನ್ನು ಮುಚ್ಚುಮರೆಯಿಲ್ಲದೆ ಬರೆದ ಈ ಪುಸ್ತಕಕ್ಕೆ 2019ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಪ್ರವಾಸ ಕಥನದಲ್ಲಿ ಎಂಜಿನಿಯರ್ ಆಗಿದ್ದ ನೇಮಿಚಂದ್ರರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಓದಿ. ಹೆಣ್ಣು ತಾನಾಗಿ ಹೊರಟು ಲೋಕ ನೋಡಿದ ಬಗೆ ಅದು.

ವಿಜ್ಞಾನ ಕಥೆಯಲ್ಲಿ ಬಂಗಾಳದ ರುಕಿಯಾ ಸಖಾವತ್ ಹುಸೇನ್ 1905ರಲ್ಲಿ ಬರೆದ ‘ಸುಲ್ತಾನಾಸ್ ಡ್ರೀಮ್’ ತಪ್ಪಿಸಬೇಡಿ. ಅಲ್ಲಿ ಹೆಂಗಸರು ವಿಶ್ವವಿದ್ಯಾಲಯ ನಡೆಸುತ್ತಾರೆ, ಸೂರ್ಯನ ಶಾಖದಿಂದ ಅಡುಗೆ ಮಾಡುತ್ತಾರೆ, ಗಂಡಸರು ಪರದೆಯ ಒಳಗಿರುತ್ತಾರೆ. ಸೌರಶಕ್ತಿಯ ಮಾತು ಎಲ್ಲೆಡೆ ಹಬ್ಬುವ ಎಷ್ಟೋ ದಶಕ ಮೊದಲೇ ಆಕೆ ಅದನ್ನು ಕಥೆಯಲ್ಲಿ ಬಳಸಿದ್ದರು. ವಿಚಾರಗ್ರಂಥ ಓದಲು ಬಯಸುವವರಿಗೆ ವರ್ಜೀನಿಯಾ ವುಲ್ಫ್ 1929ರಲ್ಲಿ ಬರೆದ ‘ಎ ರೂಮ್ ಆಫ್ ಒನ್ಸ್ ಓನ್’ ಇದೆ. ಬರೆಯಬೇಕಾದ ಹೆಣ್ಣಿಗೆ ತನ್ನದೇ ಕೋಣೆಯೂ ಆದಾಯವೂ ಬೇಕು ಎನ್ನುವುದು ಅದರ ವಾದ. ಸಿಮೋನ್ ದ ಬೊವಾ 1949ರಲ್ಲಿ ಬರೆದ ‘ದಿ ಸೆಕೆಂಡ್ ಸೆಕ್ಸ್’ ಗ್ರಂಥವನ್ನು ಎಚ್.ಎಸ್. ಶ್ರೀಮತಿ ಕನ್ನಡಕ್ಕೆ ತಂದಿದ್ದಾರೆ.

ಘಟಪ್ರಭೆಯ ಮಾತು

ಇಷ್ಟೆಲ್ಲ ಓದಿದ ಮೇಲೂ ನಮ್ಮ ಸೀಮೆಯ ಒಂದು ಕಥೆಯನ್ನು ಬಿಡುವಂತಿಲ್ಲ. ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿ ದೇವದಾಸಿಯರನ್ನಾಗಿ ಮಾಡುವ ರೂಢಿ ಬೆಳಗಾವಿ ಜಿಲ್ಲೆಯಲ್ಲಿ ಆಳವಾಗಿ ಬೇರು ಬಿಟ್ಟಿತ್ತು. ಇದಕ್ಕೆ ಬಲಿಯಾದವರು ಹೆಚ್ಚಾಗಿ ದಲಿತ ಕುಟುಂಬಗಳ ಮಕ್ಕಳು. 1934ರಲ್ಲಿ ಮುಂಬಯಿ ಪ್ರಾಂತದ ಕಾನೂನು, 1982ರಲ್ಲಿ ಕರ್ನಾಟಕದ ನಿಷೇಧ ಕಾನೂನು ಬಂದವು. ಕಾನೂನು ಬಂದೊಡನೆ ರೂಢಿ ನಿಲ್ಲಲಿಲ್ಲ.

ಆಮೇಲೆ ಆ ಮಹಿಳೆಯರೇ ಎದ್ದು ನಿಂತರು. 1997ರಲ್ಲಿ ಗೋಕಾಕ ತಾಲೂಕಿನ ಘಟಪ್ರಭಾದಲ್ಲಿ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ ರೂಪುಗೊಂಡಿತು. ಇದನ್ನು ನಡೆಸಿದವರು ಮಾಜಿ ದೇವದಾಸಿಯರು. ಬಾಲ್ಯದಲ್ಲೇ ದೇವದಾಸಿಯಾಗಿ, ಮುಂದೆ ಈ ಸಂಸ್ಥೆಯನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಗೌರವ ದೊರೆಯಿತು. ದೇವದಾಸಿಯರ ಬಗ್ಗೆ ಕಥೆ, ಕಾದಂಬರಿ, ಸಿನಿಮಾ ಮಾಡಿದವರು ಹಲವರು. ಅವುಗಳಲ್ಲಿ ಆಕೆ ಕೆಲವೊಮ್ಮೆ ಮೋಹಿನಿ, ಕೆಲವೊಮ್ಮೆ ಕರುಣೆಯ ಪಾತ್ರ. ಸಂಘ ಕಟ್ಟಿ, ಹಳ್ಳಿಹಳ್ಳಿ ತಿರುಗಿ, ಇನ್ನೊಂದು ಮಗುವಿಗೆ ಮುತ್ತು ಕಟ್ಟುವುದನ್ನು ತಡೆದ ಹೆಣ್ಣು ಆ ಕಥೆಗಳಲ್ಲಿ ಎಷ್ಟು ಕಡೆ ಇದ್ದಾಳೆ? ಮೂರು ಪ್ರಶ್ನೆಗಳನ್ನು ನೀವು ಇಂಥ ಯಾವ ಪುಸ್ತಕದ ಮೇಲೆ ಬೇಕಾದರೂ ಪ್ರಯೋಗಿಸಿ ನೋಡಬಹುದು.

ಹುಡುಗರಿಗೆ ಒಂದು ಮಾತು. ಇವು ಹೆಣ್ಣುಮಕ್ಕಳಷ್ಟೇ ಓದುವ ಪುಸ್ತಕಗಳೆಂದು ತಿಳಿಯಬೇಡಿ. ನೀವು ಬೆಳೆದ ಮನೆಯಲ್ಲಿ ಅವ್ವ, ಅಕ್ಕ, ಆಯಿ ಏನನ್ನು ನುಂಗಿಕೊಂಡರು ಎಂಬುದನ್ನು ಅವರ ಬಾಯಿಂದ ಕೇಳುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ಪುಸ್ತಕ ಆ ಅವಕಾಶ ಕೊಡುತ್ತದೆ.

ನಿಮಗೊಂದು ಕೆಲಸ

ರಜೆಯಲ್ಲಿ ಮೇಲಿನ ಪುಸ್ತಕಗಳಲ್ಲಿ ಎರಡನ್ನು ಆರಿಸಿಕೊಳ್ಳಿ. ಒಂದು ಕಲ್ಪಿತ ಕಥೆಯಾಗಿರಲಿ, ಇನ್ನೊಂದು ನಿಜ ಬದುಕಿನದಾಗಿರಲಿ. ಎರಡನ್ನೂ ಓದಿ, ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ.

ಎರಡನೆಯ ಕೆಲಸ ಇನ್ನೂ ಮುಖ್ಯ. ಗೋಕಾಕ, ಮೂಡಲಗಿ, ಹುಕ್ಕೇರಿಯ ಹಳ್ಳಿಗಳಲ್ಲಿ ಬೀಸುವ ಪದ, ಸೋಬಾನೆ ಪದ ಬಲ್ಲ ಹಿರಿಯ ಹೆಣ್ಣುಮಕ್ಕಳು ಇನ್ನೂ ಇದ್ದಾರೆ. ಆ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಅವರ ಒಪ್ಪಿಗೆ ಪಡೆದು, ಹಾಡನ್ನು ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ; ತಿದ್ದಬೇಡಿ. ಆ ಹಾಡನ್ನು ಅವರು ಯಾರಿಂದ ಕಲಿತರು, ಯಾವಾಗ ಹಾಡುತ್ತಿದ್ದರು, ಯಾವ ಹಾಡನ್ನು ಗಂಡಸರ ಎದುರು ಹಾಡುತ್ತಿರಲಿಲ್ಲ ಎಂದು ಕೇಳಿ. ಬರೆದುಕೊಂಡ ಮೇಲೆ ಪುಟದ ತಲೆಯಲ್ಲಿ ಮೊದಲು ಹಾಡಿದವರ ಹೆಸರು, ಊರು, ದಿನಾಂಕ ಹಾಕಿ. ಸಂಗ್ರಹಿಸಿದವರಾದ ನಿಮ್ಮ ಹೆಸರು ಪುಟದ ಕೆಳಗಿರಲಿ.